ಕಂಡದ್ದು, ಕೇಳಿದ್ದು, ಊಹಿಸಿದ್ದು: ಬಂಟ್ವಾಳದಿಂದ ಮೂಡುಬಿದಿರೆಗೆ ವ್ಯಾಪಾರದ ದಾರಿಯಲ್ಲಿ ಒಂದು ಕ್ಷೇತ್ರಪಾಠ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಯುರೋಪಿಯನ್ನರ ಆಗಮನದ ಪಾಠ ಕಾನ್‌ಸ್ಟಾಂಟಿನೋಪಲ್ ಪಟ್ಟಣದಿಂದ ಆರಂಭವಾಗುತ್ತದೆ. 1453ರಲ್ಲಿ ಆಟೋಮನ್ ತುರ್ಕರು ಅದನ್ನು ವಶಪಡಿಸಿಕೊಂಡರು, ಏಷ್ಯಾ ಮತ್ತು ಯುರೋಪುಗಳ ನಡುವಿನ ವ್ಯಾಪಾರದ ದಾರಿ ಅವರ ಹಿಡಿತಕ್ಕೆ ಬಂತು, ಯುರೋಪಿನವರು ಹೊಸ ಜಲಮಾರ್ಗ ಹುಡುಕಲು ಹೊರಟರು ಎಂಬುದು ಅದರ ಮೊದಲ ಪುಟಗಳ ಸಾರ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಈ ಪಾಠವನ್ನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಎಷ್ಟು ಸಲ ವೀಕ್ಷಿಸಿದ್ದೇನೋ ಲೆಕ್ಕವಿಲ್ಲ. ಕಲಿಕೋಪಕರಣ ಹೆಚ್ಚು ಕಡಿಮೆ ಒಂದೇ: ರೇಷ್ಮೆ ಮಾರ್ಗದ ನಕ್ಷೆ, ಮರಳುಗಾಡಿನಲ್ಲಿ ಸಾಲಾಗಿ ಹೋಗುವ ಒಂಟೆಗಳ ಚಿತ್ರ, ಕೊನೆಗೆ ವಾಸ್ಕೋ ಡ ಗಾಮನ ಹಡಗು.

ಮೂಡುಬಿದಿರೆಯ ಹತ್ತಿರದ ಒಂದು ಶಾಲೆಯಲ್ಲಿ ಹೀಗೆಯೇ ಪಾಠ ನಡೆಯುತ್ತಿದ್ದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗ ಎದ್ದು ನಿಂತು ಕೇಳಿದ: “ಟೀಚರ್, ಒಳ್ಳೆಮೆಣಸು ನಮ್ಮ ತೋಟದಲ್ಲೇ ಉಂಟಲ್ಲ. ಅದು ಅಷ್ಟು ದೂರ ಹೋದದ್ದು ಹೇಗೆ?” ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡೆದು, “ಅದು ಈ ಪಾಠದಲ್ಲಿ ಇಲ್ಲ, ಆಮೇಲೆ ನೋಡುವ” ಎಂದರು. ಪಾಠ ಯೋಜನೆಯಲ್ಲಿ ಇನ್ನೂ ಹದಿನೈದು ನಿಮಿಷದ ಚಟುವಟಿಕೆ ಬಾಕಿ ಇತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ವಯಸ್ಸಿನಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಇಡೀ ಪಾಠ ನಿಲ್ಲಬೇಕಾದ ಪ್ರಶ್ನೆ ಅದೇ ಆಗಿತ್ತು. ಪುಸ್ತಕದಲ್ಲಿ ಮೆಣಸನ್ನು ಕೊಳ್ಳುವವರ ಕಥೆ ಇದೆ. ಹುಡುಗ ಕೇಳಿದ್ದು ಬೆಳೆದವರ, ಹೊತ್ತವರ, ಮಾರಿದವರ ಕಥೆಯನ್ನು.

ಆ ಪ್ರಶ್ನೆಯ ಬೆನ್ನು ಹಿಡಿದು ನಾವು ಒಂದು ದಿನದ ಕ್ಷೇತ್ರಪಾಠವನ್ನು ರೂಪಿಸಿದೆವು. ಮೊದಲ ಸಲ ಅದು ಸರಿಯಾಗಿ ಆಗಲಿಲ್ಲ. ಏಕೆ ಆಗಲಿಲ್ಲ, ಎರಡನೆಯ ಸಲ ಏನು ಬದಲಾಯಿಸಿದೆವು ಎಂಬುದನ್ನು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೂ ಮಾರ್ಗದರ್ಶಕ ಶಿಕ್ಷಕರಿಗೂ ಉಪಯೋಗವಾಗಲಿ ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲ ಸಲ

ಮೊದಲ ಸಲ ನಾವು ಮಕ್ಕಳನ್ನು ನೇರವಾಗಿ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದೆವು. ಗೈಡ್ ಒಬ್ಬರನ್ನು ಗೊತ್ತುಮಾಡಿದ್ದೆವು. ಒಳ್ಳೆಯ ಮಾತುಗಾರರು, ವಿಷಯವನ್ನೂ ಬಲ್ಲವರು. ಬಸದಿಯ ಇನ್ನೊಂದು ಹೆಸರು ತ್ರಿಭುವನ ತಿಲಕ ಚೂಡಾಮಣಿ, ಕಟ್ಟಿದ ವರ್ಷ 1430, ಮೂರು ಅಂತಸ್ತು, ಗರ್ಭಗುಡಿಯಲ್ಲಿ ಚಂದ್ರನಾಥ ಸ್ವಾಮಿಯ ಪಂಚಲೋಹದ ಮೂರ್ತಿ, ಊರಿನಲ್ಲಿ ಒಟ್ಟು ಹದಿನೆಂಟು ಬಸದಿಗಳು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾ ಹೋದರು. ಮಕ್ಕಳು ಓಡೋಡಿ ಬರೆದುಕೊಂಡರು. ಬರೆಯುವವರ ತಲೆ ಪುಸ್ತಕದಲ್ಲಿತ್ತು. ಕಂಬವನ್ನು ನೋಡಿದವರು ಕಡಿಮೆ.

ಮರುದಿನ ತರಗತಿಯಲ್ಲಿ ಪ್ರಶಿಕ್ಷಣಾರ್ಥಿ ಹತ್ತು ಪ್ರಶ್ನೆಗಳ ಕಿರುಪರೀಕ್ಷೆ ಕೊಟ್ಟರು. ಇಸವಿಯನ್ನು ಎಲ್ಲರೂ ಸರಿ ಬರೆದರು. ಕೊನೆಯಲ್ಲಿ ನಾನು ಒಂದು ಪ್ರಶ್ನೆ ಸೇರಿಸಿದೆ: ಇಷ್ಟು ದೊಡ್ಡ ಬಸದಿ ಕಟ್ಟಲು ದುಡ್ಡು ಎಲ್ಲಿಂದ ಬಂದಿರಬಹುದು? ಬಹುತೇಕ ಎಲ್ಲರ ಉತ್ತರ ‘ರಾಜ ಕೊಟ್ಟ’. ಬಸದಿಯಿಂದ ಹೊರಬಂದು ಅದೇ ಬೀದಿಯಲ್ಲಿ ಅವರು ನಡೆದಿದ್ದರು. ಶೆಟ್ಟರ ಬಸದಿ, ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಚೋಳ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ ಎಂಬ ಹೆಸರುಗಳು ಆ ಊರಿನವು. ಹೆಸರೇ ಉತ್ತರ ಹೇಳುತ್ತಿರುವಾಗ ಮಕ್ಕಳು ಅದನ್ನು ಓದದೆ ಬಂದಿದ್ದರು, ಏಕೆಂದರೆ ಗೈಡ್ ಅದನ್ನು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಅರಸರ ಮತ್ತು ವಿಜಯನಗರದ ಅಧಿಕಾರಿಗಳ ಪಾತ್ರ ಇದ್ದದ್ದು ನಿಜ. ಊರಿನ ಸೆಟ್ಟಿಗಳ ಕೊಡುಗೆಯಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ತಪ್ಪು ಗೈಡ್ ಅವರದಲ್ಲ. ಅವರ ಕೆಲಸ ಹೇಳುವುದು, ಅದನ್ನು ಅವರು ಚೆನ್ನಾಗಿ ಮಾಡಿದರು. ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಹೇಳದೆ ಬಿಡಬೇಕು ಎಂದು ನಿರ್ಧರಿಸುವುದು ಶಿಕ್ಷಕರ ಕೆಲಸ, ಅದನ್ನು ನಾವು ಮಾಡಿರಲಿಲ್ಲ.

ಮೂರು ಅಂಕಣದ ಹಾಳೆ

ಎರಡನೆಯ ಸಲಕ್ಕೆ ಮಾಡಿದ ದೊಡ್ಡ ಬದಲಾವಣೆ ಒಂದೇ. ಪ್ರತಿ ಮಗುವಿನ ಕೈಗೆ ಮೂರು ಅಂಕಣದ ಒಂದು ಹಾಳೆ ಕೊಟ್ಟೆವು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ನಾವು ಊಹಿಸಿದ್ದು. ಯಾವ ವಾಕ್ಯವನ್ನೂ ಅಂಕಣ ನಿರ್ಧರಿಸದೆ ಬರೆಯುವ ಹಾಗಿಲ್ಲ. ನೋಡಲು ಸಣ್ಣ ನಿಯಮ, ಆದರೆ ಪಾಠದ ವೇಗವನ್ನೇ ಇದು ಬದಲಿಸಿತು. ಇತಿಹಾಸದಲ್ಲಿ ಆಧಾರ ಮತ್ತು ಅನುಮಾನದ ವ್ಯತ್ಯಾಸವನ್ನು ನಾವು ವಿಧಾನಶಾಸ್ತ್ರದ ತರಗತಿಯಲ್ಲಿ ಎರಡು ಗಂಟೆ ಹೇಳುತ್ತೇವೆ. ಮಕ್ಕಳಿಗೆ ಅದು ಅರ್ಥವಾದದ್ದು ‘ಇದನ್ನು ಯಾವ ಸಾಲಿಗೆ ಹಾಕುವುದು’ ಎಂಬ ಜಗಳದಲ್ಲಿ.

ಗೈಡ್ ಅವರನ್ನು ಒಂದು ವಾರ ಮೊದಲೇ ಭೇಟಿಯಾಗಿ ವಿನಂತಿಸಿಕೊಂಡೆವು: ಪ್ರತಿ ಸ್ಥಳದಲ್ಲಿ ಮೊದಲ ಹತ್ತು ನಿಮಿಷ ಏನೂ ಹೇಳಬೇಡಿ, ಮಕ್ಕಳು ಕೇಳಿದ್ದಕ್ಕೆ ಮಾತ್ರ ಉತ್ತರಿಸಿ. ಅವರು ನಕ್ಕು, “ಮಕ್ಕಳು ಕೇಳ್ತಾರೆ ಅಂತೀರಾ?” ಎಂದರು. ಕೇಳಿದರು.

ದಾರಿಯನ್ನೂ ಬದಲಾಯಿಸಿದೆವು. ವ್ಯಾಪಾರದ ದಾರಿಯ ಪಾಠವನ್ನು ಒಂದೇ ಜಾಗದಲ್ಲಿ ನಿಂತು ಮಾಡಿದರೆ ದಾರಿ ಎಂಬುದೇ ಉಳಿಯುವುದಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಈ ಜಿಲ್ಲೆಯಲ್ಲಿ ಸಂಚರಿಸಿ, ಬೆಳೆ, ಬೆಲೆ, ಸುಂಕ, ಜನ ಎಲ್ಲವನ್ನೂ ಬರೆದಿಟ್ಟ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಮಂಗಳೂರಿನಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಎಂದು ಅವನು ಸಾಗಿದ. ನಮಗೂ ಅದೇ ದಾರಿ ಸಾಕೆನಿಸಿತು. ಕಾರ್ಕಳವನ್ನು ಬಿಟ್ಟು ಉಳಿದದ್ದನ್ನು ಒಂದು ದಿನಕ್ಕೆ ಹೊಂದಿಸಿದೆವು. ತಿಂಗಳು ಜನವರಿ. ಮೆಣಸು ಕೊಯ್ದು ಅಂಗಳದಲ್ಲಿ ಒಣಹಾಕುವ ಕಾಲ ಅದು. ಅರಬ್ ದೇಶಗಳ ಕಡೆಗೆ ಬೀಸುವ ಈಶಾನ್ಯ ಮಾರುತದ ಕಾಲವೂ ಅದೇ. ಹಾಯಿಹಡಗುಗಳು ಸರಕು ತುಂಬಿಕೊಂಡು ಈ ಕರಾವಳಿಯಿಂದ ಹೊರಡುತ್ತಿದ್ದ ಹೊತ್ತಿನಲ್ಲೇ ಮಕ್ಕಳು ಬಸ್ಸಿನ ಕಿಟಕಿಯಿಂದ ಅಂಗಳದ ಮೆಣಸನ್ನು ನೋಡಲಿ ಎಂಬುದು ಉದ್ದೇಶ. ಮಳೆಗಾಲದ ನಂತರ ಯಾವಾಗಾದರೂ ಹೋಗೋಣ ಎಂದು ದಿನ ಗೊತ್ತುಮಾಡುವವರು ಇದನ್ನು ಗಮನಿಸಬೇಕು.

ಬಂಟ್ವಾಳ: ಪೇಟೆ ಇಲ್ಲಿ ಏಕೆ?

ಬಂಟ್ವಾಳ ಪೇಟೆಯಲ್ಲಿ ನೋಡಲು ಸ್ಮಾರಕವೇನೂ ಬೇಡ. ನೇತ್ರಾವತಿಯ ದಂಡೆಗೆ ಅಂಟಿಕೊಂಡ ಇಕ್ಕಟ್ಟಾದ ಹಳೆಯ ಪೇಟೆಬೀದಿಯೇ ಪಾಠ. 1923 ಮತ್ತು 1974ರ ದೊಡ್ಡ ನೆರೆಗಳ ನೆನಪು ಇಲ್ಲಿಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಒಬ್ಬ ಅಂಗಡಿಯವರನ್ನು ಮಕ್ಕಳೇ ಕೇಳಿ ತಿಳಿದುಕೊಂಡರು. ಆಮೇಲೆ ಪ್ರಶಿಕ್ಷಣಾರ್ಥಿ ಕೇಳಿದ ಪ್ರಶ್ನೆ: “ನೆರೆ ಬರುವ ಜಾಗ ಅಂತ ಗೊತ್ತಿದ್ದೂ ಇಲ್ಲಿಯೇ ಯಾಕೆ ಅಂಗಡಿ ಹಾಕಿದರು?”

ಐದು ನಿಮಿಷ ಯಾರೂ ಮಾತಾಡಲಿಲ್ಲ. ನಂತರ ಒಬ್ಬಳು ಹೊಳೆ ತೋರಿಸಿ “ಲಾರಿ ಇರಲಿಲ್ಲ, ದೋಣಿ ಇತ್ತು” ಎಂದಳು. ಅಷ್ಟೇ ಸಾಕಾಗಿತ್ತು. ಮಂಗಳೂರು ಬಂದರಿನಿಂದ ಸರಕಿನ ದೋಣಿಗಳು ನೇತ್ರಾವತಿಯಲ್ಲಿ ಮೇಲೆ ಬರುತ್ತಿದ್ದವು. ಬಂಟ್ವಾಳ, ಪಾಣೆಮಂಗಳೂರುಗಳು ದೋಣಿಯಿಂದ ಇಳಿಸಿ ಎತ್ತಿನ ಬೆನ್ನಿಗೆ ಏರಿಸುವ ಜಾಗಗಳು. ಉಪ್ಪು, ಒಣಮೀನು ಮೇಲಕ್ಕೆ, ಘಟ್ಟದ ಸರಕು ಕೆಳಕ್ಕೆ. ದಾರಿಯ ವಿಧಾನ ಬದಲಾಗುವಲ್ಲಿ ಪೇಟೆ ಹುಟ್ಟುತ್ತದೆ ಎಂಬ ಭೂಗೋಳದ ಮಾತನ್ನು ನಾವು ಹೇಳಲೇ ಇಲ್ಲ. ಹೇಳಬೇಕಾಗಿ ಬರಲಿಲ್ಲ.

ಇಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಕಿವಿಮಾತು. ಆ ಐದು ನಿಮಿಷದ ಮೌನದಲ್ಲಿ ನಮ್ಮವರು ಮೂರು ಸಲ ಉತ್ತರ ಹೇಳಲು ಬಾಯಿ ತೆರೆದರು. ನಾನು ಕಣ್ಣಿನಲ್ಲೇ ತಡೆದೆ. ವೀಕ್ಷಣಾ ನಮೂನೆಯಲ್ಲಿ ‘ಪ್ರಶ್ನಿಸುವ ಕೌಶಲ’ಕ್ಕೆ ಅಂಕ ಇದೆ, ಕಾಯುವ ಕೌಶಲಕ್ಕೆ ಪ್ರತ್ಯೇಕ ಸಾಲೇ ಇಲ್ಲ. ಇರಬೇಕು.

ಬೆಳ್ತಂಗಡಿಯ ದಾರಿ: ಊರ ಹೆಸರು ಓದುವುದು

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಆಟ: ನಮ್ಮ ಜಿಲ್ಲೆಯಲ್ಲಿ ಮತ್ತು ಸುತ್ತಮುತ್ತ ‘ಅಂಗಡಿ’ ಎಂದು ಕೊನೆಯಾಗುವ ಊರುಗಳನ್ನು ಹೇಳಿ. ಬೆಳ್ತಂಗಡಿ, ಉಪ್ಪಿನಂಗಡಿ, ಅಳದಂಗಡಿ, ಹಳೆಯಂಗಡಿ, ಹೊಸಂಗಡಿ, ಮುದರಂಗಡಿ ಎಂದು ಪಟ್ಟಿ ಬೆಳೆಯಿತು. ಬಸ್ಸಿನೊಳಗೆ ಜಿಲ್ಲೆಯ ನಕ್ಷೆ ಬಿಡಿಸಿ ಒಂದೊಂದಕ್ಕೂ ಚುಕ್ಕೆ ಇಟ್ಟಾಗ, ಚುಕ್ಕೆಗಳ ನಡುವೆ ಗೆರೆ ಎಳೆಯಬೇಕೆಂದು ಮಕ್ಕಳಿಗೇ ಅನಿಸಿತು. ಉಪ್ಪಿನಂಗಡಿಯ ‘ಉಪ್ಪು’ ಮೇಲಿನ ಸರಕಿನ ಮಾತಿಗೆ ಸರಿಯಾಗಿ ಕೂಡಿತು. ಒಬ್ಬ ‘ಕಟ್ಟೆ’ ಮತ್ತು ‘ಕೆರೆ’ಯ ಊರುಗಳೂ ಬೇಕು ಎಂದ. ಸಿದ್ದಕಟ್ಟೆ, ಗುರುವಾಯನಕೆರೆ. ದಣಿದವನು ಕೂರಲು ಕಟ್ಟೆ, ಎತ್ತಿಗೆ ನೀರು ಕುಡಿಸಲು ಕೆರೆ ಎಂದು ಅವನ ವಾದ. ಚೆನ್ನಾಗಿದೆ, ಆದರೆ ಅದು ಮೂರನೆಯ ಅಂಕಣಕ್ಕೆ ಹೋಗಬೇಕು ಎಂದು ಗೆಳೆಯರೇ ಹೇಳಿದರು.

ಹೆಸರು ಆಧಾರವೂ ಹೌದು, ಮೋಸವೂ ಹೌದು ಎಂಬುದನ್ನು ಇಲ್ಲಿಯೇ ಕಲಿಸಿಬಿಡಬೇಕು. ಎರಡು ಉದಾಹರಣೆ ಸಾಕು. ಕರಿಮೆಣಸಿಗೆ ನಮ್ಮಲ್ಲಿ ಒಳ್ಳೆಮೆಣಸು ಎನ್ನುತ್ತೇವೆ, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಹಾಗಾದರೆ ಒಳ್ಳೆಯದಲ್ಲದ ಮೆಣಸು ಯಾವುದು? ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಮೆಣಸಿನಕಾಯಿ ಹೆಸರನ್ನು ಹಂಚಿಕೊಂಡಿತು, ಹಳೆಯದಕ್ಕೆ ‘ಒಳ್ಳೆ’ ಎಂಬ ವಿಶೇಷಣ ಸೇರಿತು ಎಂದು ಊಹಿಸಿದರೆ ತಪ್ಪಾಗದು. ಇದು ಹೆಸರು ನಿಜ ಹೇಳುವ ಬಗೆ. ಇನ್ನೊಂದು, ಸಿಹಿಗುಂಬಳಕ್ಕೆ ನಮ್ಮಲ್ಲಿ ಹಲವರು ಚೀನಿಕಾಯಿ ಎನ್ನುತ್ತಾರೆ. ಚೀನಾದಿಂದ ಬಂತು ಎಂದು ಮಕ್ಕಳು ಕೂಡಲೇ ಬರೆದರು. ಆದರೆ ಅದರ ಮೂಲವೂ ಅಮೆರಿಕ ಖಂಡವೇ. ‘ಚೀನಿ’ ಎಂದ ಮಾತ್ರಕ್ಕೆ ಚೀನಾ ಅಲ್ಲ. ಈ ಎರಡನೆಯ ಉದಾಹರಣೆಯನ್ನು ನೆನಪಿಟ್ಟುಕೊಳ್ಳಿ, ಮೂಡುಬಿದಿರೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಬೆಳ್ತಂಗಡಿ ತಲುಪುವಾಗ ದೂರದಲ್ಲಿ ಗಡಾಯಿಕಲ್ಲು ಕಾಣುತ್ತದೆ. ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆ ಅದರ ನೆತ್ತಿಯ ಮೇಲಿದೆ. ಕೋಟೆಯ ಕಥೆಗೆ ಇಳಿಯಲಿಲ್ಲ. ಅಲ್ಲಿಂದ ಆಚೆ ಚಾರ್ಮಾಡಿ ಘಾಟಿ, ಘಟ್ಟದ ಮೇಲಿನ ಸೀಮೆ. ಘಟ್ಟದ ಬಾಯಿಯಲ್ಲಿ ಕೋಟೆ ಏಕೆ ಬೇಕಾಯಿತು ಎಂಬ ಒಂದು ಪ್ರಶ್ನೆಯನ್ನು ಹಾಳೆಯ ಬೆನ್ನಿಗೆ ಬರೆಸಿ ಮುಂದೆ ಸಾಗಿದೆವು.

ವೇಣೂರಿನಲ್ಲಿ ಊಟ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿಯ ಎದುರು ಹತ್ತು ನಿಮಿಷ ಸುಮ್ಮನೆ ನಿಂತೆವು. ಅಲ್ಲಿ ಪಾಠ ಮಾಡಬಾರದು ಎಂದು ನನ್ನ ಅಭಿಪ್ರಾಯ. ಊಟದ ಹೊತ್ತಿನಲ್ಲಿ ಮಕ್ಕಳಿಗೆ ಬೇಕಾದದ್ದು ಪಾಠವಲ್ಲ.

ಮೂಡುಬಿದಿರೆ

ಬಸದಿಗಳ ಬೀದಿಗೆ ಇಳಿದ ಮೇಲೆ ಮೊದಲ ಕೆಲಸ ಒಳಗೆ ಹೋಗುವುದಲ್ಲ, ಬೀದಿಯಲ್ಲಿ ನಡೆದು ಬಸದಿಗಳ ಹೆಸರು ಬರೆದುಕೊಳ್ಳುವುದು. ಹಿಂದಿನ ಸಲದ ‘ರಾಜ ಕೊಟ್ಟ’ ಈ ಸಲ ಬರಲಿಲ್ಲ. “ಇಷ್ಟು ಜನ ಶೆಟ್ರು ಒಂದೇ ಬೀದಿಯಲ್ಲಾ?” ಎಂದು ಒಬ್ಬ ಗೈಡ್ ಅವರನ್ನು ಕೇಳಿದ. ಸೆಟ್ಟಿ ಎಂದರೆ ಆಗ ಜಾತಿಯ ಹೆಸರಿಗಿಂತ ಮೊದಲು ವರ್ತಕನ ಹೆಸರು, ಇಲ್ಲಿಯವರು ಜೈನ ವರ್ತಕರು ಎಂದು ಅವರು ವಿವರಿಸಿದರು. ಕರಾವಳಿಯ ಶಾಸನಗಳಲ್ಲಿ ಸೆಟ್ಟಿಕಾರರು, ನಖರ, ಹಂಜಮಾನ ಎಂಬ ವರ್ತಕ ಸಂಘಗಳ ಹೆಸರು ಬರುತ್ತವೆ ಎಂಬುದನ್ನು ನಾನು ಸೇರಿಸಿದೆ. ಹಂಜಮಾನ ಎಂಬುದು ‘ಅಂಜುಮನ್’ ಎಂಬ ಪಾರಸಿ ಪದದ ಕನ್ನಡ ರೂಪ. ಕಡಲಾಚೆಯಿಂದ ಬಂದ ಮುಸ್ಲಿಂ ವರ್ತಕರ ಕೂಟಕ್ಕೆ ಆ ಹೆಸರು. ಈ ಮಾತು ಮುಂದೆ ಬೇರೆ ರೀತಿಯಲ್ಲಿ ನಮ್ಮ ಎದುರಿಗೆ ಬಂತು.

ಊರ ಹೆಸರಿನ ಆಟ ಇಲ್ಲಿಯೂ ನಡೆಯಿತು. ತುಳುವಿನಲ್ಲಿ ಬೆದ್ರ, ಕನ್ನಡದಲ್ಲಿ ಮೂಡುಬಿದಿರೆ, ಸಂಸ್ಕೃತದಲ್ಲಿ ವೇಣುಪುರ. ಪಶ್ಚಿಮದಲ್ಲಿ ಕಡಲ ಬದಿಗೆ ಪಡುಬಿದ್ರಿ ಇರುವುದರಿಂದ ಇದು ಮೂಡಿನ ಬಿದಿರೆ. ಇದನ್ನು ಮಕ್ಕಳು ತಾವೇ ಬಿಡಿಸಿದರು.

ಪಾದರಕ್ಷೆ, ಚರ್ಮದ ಬೆಲ್ಟ್ ಹೊರಗಿಟ್ಟು ಒಳಗೆ ಹೋದೆವು. ಅದು ಪೂಜೆ ನಡೆಯುವ ಬಸದಿ, ವಸ್ತುಸಂಗ್ರಹಾಲಯವಲ್ಲ ಎಂಬುದನ್ನು ಹಿಂದಿನ ದಿನವೇ ಹೇಳಿಟ್ಟಿರಬೇಕು, ಬಾಗಿಲಲ್ಲಿ ಹೇಳಿದರೆ ಗದರಿಕೆಯಂತೆ ಕೇಳುತ್ತದೆ. ಪ್ರತಿ ಗುಂಪಿಗೆ ಎರಡು ಕಂಬ. ಅಕ್ಕಪಕ್ಕ ಕುಳಿತು ಎರಡನ್ನೂ ಚಿತ್ರಿಸಿ, ವ್ಯತ್ಯಾಸ ಗುರುತಿಸಿ. ‘ಒಂದು ಕಂಬದಂತೆ ಇನ್ನೊಂದಿಲ್ಲ’ ಎಂಬ ಮಾತು ಎರಡನೆಯ ಅಂಕಣದಲ್ಲಿತ್ತು, ತಮ್ಮ ಎರಡು ಕಂಬಗಳ ಮಟ್ಟಿಗೆ ಅದನ್ನು ಮೊದಲನೆಯದಕ್ಕೆ ತರುವುದು ಅವರ ಕೆಲಸ. ಸಾವಿರ ಕಂಬ ಇದೆಯೇ ಎಂದು ಎಣಿಸಲು ಹೊರಟ ಇಬ್ಬರನ್ನು ನಾನು ತಡೆಯಲಿಲ್ಲ.

ಮಾಡಿನ ಬಗ್ಗೆ ಒಂದು ಮಾತು. ಮೇಲಿನ ಅಂತಸ್ತುಗಳ ಇಳಿಜಾರು ಮಾಡನ್ನು ನೋಡಿ ನೇಪಾಳದ ಗುಡಿಗಳನ್ನು ನೆನೆದವರು ಹಲವರು. ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಕೂಡ ಈ ಹೋಲಿಕೆಯನ್ನು ಎತ್ತಿ ಬರೆದಿದ್ದಾನೆ. ಮಕ್ಕಳಿಗೆ ಎರಡೂ ಚಿತ್ರ ತೋರಿಸಿ ಕೇಳಿದೆವು: ಅಲ್ಲಿಂದ ಇಲ್ಲಿಗೆ ಬಂದದ್ದೇ? ಜೂನ್ ತಿಂಗಳ ಮಳೆಯನ್ನು ಬಲ್ಲ ಮಕ್ಕಳು ತಮ್ಮ ಮನೆಯ ಮಾಡನ್ನೂ ಲೆಕ್ಕಕ್ಕೆ ತಂದರು. ಹೋಲಿಕೆ ಇದ್ದಲ್ಲೆಲ್ಲ ಸಂಪರ್ಕ ಇರಬೇಕಿಲ್ಲ, ಮಳೆಯೂ ಮಾಡನ್ನು ಇಳಿಜಾರು ಮಾಡುತ್ತದೆ. ಚೀನಿಕಾಯಿ ಇಲ್ಲಿ ಉಪಯೋಗಕ್ಕೆ ಬಂತು.

ಜಿರಾಫೆಯ ಎದುರು

ಬಸದಿಗೆ ಸೇರಿದ ಭೈರಾದೇವಿ ಮಂಟಪ ಕಟ್ಟಿದ್ದು 1451ರ ಸುಮಾರಿಗೆ. ಅದರ ತಳಭಾಗದ ಕಲ್ಲಿನ ಮೇಲೆ ಸಾಲು ಕೆತ್ತನೆಗಳಿವೆ. ಅವುಗಳ ನಡುವೆ ಉದ್ದ ಕತ್ತಿನ ಒಂದು ಪ್ರಾಣಿ, ಇನ್ನೊಂದೆಡೆ ಚೀನೀ ಶೈಲಿಯ ಡ್ರ್ಯಾಗನ್. ನಮ್ಮ ಇಡೀ ದಿನದ ಪಾಠ ಕುದುರಿದ್ದು ಆ ಕಲ್ಲಿನ ಮುಂದೆ. ಗೈಡ್ ಬಾಯಿ ತೆರೆಯುವ ಮೊದಲೇ ಮಕ್ಕಳು ಕೂಗಿದರು, “ಜಿರಾಫೆ!”

“ಹೌದಾ? ಕಂಡದ್ದು ಎಂಥ, ಬರೆಯಿರಿ” ಎಂದರು ಪ್ರಶಿಕ್ಷಣಾರ್ಥಿ. ಇದು ಅವರು ಅಂದು ಕೇಳಿದ ಅತ್ಯುತ್ತಮ ಪ್ರಶ್ನೆ. ಕಂಡದ್ದು ಉದ್ದ ಕತ್ತಿನ, ನಾಲ್ಕು ಕಾಲಿನ ಪ್ರಾಣಿ. ಜಿರಾಫೆ ಎಂಬುದು ನಾವು ಅದಕ್ಕೆ ಕೊಟ್ಟ ಹೆಸರು. ಜಿರಾಫೆಯೇ ಎಂದು ಎಲ್ಲರೂ ಒಪ್ಪಿದ ಮೇಲೆ ಮುಂದಿನ ಪ್ರಶ್ನೆ ಮಕ್ಕಳದೇ: “ಇದನ್ನು ಕೆತ್ತಿದವರು ನೋಡಿದ್ದು ಎಲ್ಲಿ ಟೀಚರ್? ಇಲ್ಲಿಗೆ ಬಂದಿತ್ತಾ?”

ಮೂರು ಗುಂಪಾದರು. ಒಂದು ಗುಂಪಿಗೆ ಶಿಲ್ಪಿ ಪ್ರಾಣಿಯನ್ನೇ ಕಂಡಿದ್ದ. ಇನ್ನೊಂದಕ್ಕೆ ಚಿತ್ರವನ್ನೋ ಬಟ್ಟೆಯ ಮೇಲಿನ ಆಕೃತಿಯನ್ನೋ ಕಂಡಿದ್ದ. ಮೂರನೆಯದಕ್ಕೆ ಹಡಗಿನವರ ಬಾಯಿಂದ ವರ್ಣನೆ ಕೇಳಿದ್ದ. ಪ್ರತಿ ಗುಂಪಿಗೂ ನಾವು ಮೊದಲೇ ಸಿದ್ಧಪಡಿಸಿದ್ದ ಒಂದು ಚೀಟಿ ಕೊಟ್ಟೆವು. ಅದರಲ್ಲಿದ್ದದ್ದು: ಚೀನಾದ ಮಿಂಗ್ ಅರಸರ ಕಾಲದಲ್ಲಿ 1405ರಿಂದ 1433ರವರೆಗೆ ಝೆಂಗ್ ಹೆ ಎಂಬ ನೌಕಾಧಿಪತಿಯ ದೊಡ್ಡ ಹಡಗುಪಡೆ ಹಿಂದೂ ಮಹಾಸಾಗರದಲ್ಲಿ ಏಳು ಯಾನ ಮಾಡಿತು, ಕಲ್ಲಿಕೋಟೆ ಅವರ ಮುಖ್ಯ ತಂಗುದಾಣಗಳಲ್ಲಿ ಒಂದು. 1414ರಲ್ಲಿ ಬಂಗಾಳದ ಸುಲ್ತಾನ ಚೀನಾದ ಅರಸನಿಗೆ ಒಂದು ಜಿರಾಫೆಯನ್ನು ಕಾಣಿಕೆಯಾಗಿ ಕಳುಹಿಸಿದ. ಮರುವರ್ಷ ಆಫ್ರಿಕದ ಮಾಲಿಂದಿಯಿಂದ ಇನ್ನೊಂದು ಹೋಯಿತು.

ಚೀಟಿ ಓದಿದ ಮೇಲೆ ವಾದ ಗಟ್ಟಿಯಾಯಿತು. ಬಂಗಾಳದಲ್ಲಿ ಜಿರಾಫೆ ಇಲ್ಲ, ಅಲ್ಲಿಗೂ ಆಫ್ರಿಕದಿಂದಲೇ ಬಂದಿರಬೇಕು, ಹಾಗಾದರೆ ಹಡಗಿನಲ್ಲಿ ಜೀವಂತ ಪ್ರಾಣಿ ಸಾಗುತ್ತಿತ್ತು. ಇದು ಮೊದಲ ಗುಂಪಿನವರ ತರ್ಕ, ಬಲವಾದ ತರ್ಕ. “ಹಡಗು ಹೋದದ್ದು ಸರಿ, ಮಂಗಳೂರಿಗೆ ಬಂದದ್ದು ಅಂತ ಇದರಲ್ಲಿ ಎಲ್ಲಿ ಉಂಟು?” ಎಂದು ಎರಡನೆಯ ಗುಂಪು. ಮಂಟಪ ಕಟ್ಟುವ ಹೊತ್ತಿಗೆ ಆ ಯಾನಗಳು ನಿಂತು ಹದಿನೆಂಟು ವರ್ಷ ಆಗಿತ್ತು ಎಂದು ಲೆಕ್ಕ ಹಾಕಿದ್ದು ಮೂರನೆಯ ಗುಂಪಿನ ಒಬ್ಬ ಹುಡುಗ. ಈ ಹುಡುಗ ತರಗತಿಯಲ್ಲಿ ಬಾಯಿ ಬಿಡುವವನಲ್ಲ ಎಂದು ಆಮೇಲೆ ಆ ಶಾಲೆಯ ಶಿಕ್ಷಕರು ಹೇಳಿದರು.

ಗೈಡ್ ಅವರು ಸಾಮಾನ್ಯವಾಗಿ ಇಲ್ಲಿ ‘ಆಫ್ರಿಕ ಮತ್ತು ಚೀನಾದೊಂದಿಗೆ ವ್ಯಾಪಾರ ಇತ್ತು ಎಂಬುದಕ್ಕೆ ಸಾಕ್ಷಿ’ ಎಂದು ಹೇಳುತ್ತಾರೆ. ಅಂದು ಅವರೂ ಮಕ್ಕಳ ಜೊತೆ ಕುಳಿತು, ಈ ವಾಕ್ಯ ಯಾವ ಅಂಕಣಕ್ಕೆ ಹೋಗುತ್ತದೆ ಎಂದು ಚರ್ಚಿಸಿದರು. ದೂರದ ನಾಡಿನ ಸುದ್ದಿಯಾದರೂ ಈ ಊರಿಗೆ ತಲುಪಿತ್ತು ಎಂಬಷ್ಟನ್ನು ಕಲ್ಲು ಹೇಳುತ್ತದೆ. ನೇರ ವ್ಯಾಪಾರ ಎಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತು. ಆ ಒಂದು ಹೆಜ್ಜೆಯನ್ನು ಮಕ್ಕಳು ಗುರುತಿಸಿದರೆ ನನ್ನ ದೃಷ್ಟಿಯಲ್ಲಿ ಘಟಕದ ಉದ್ದೇಶ ಈಡೇರಿದಂತೆ.

ಹೆರಾತಿನಿಂದ ಬಂದವನು, ಮಂಗಳೂರಿನಿಂದ ಬರೆದವನು

ಮಂಟಪದ ಹೊರಗೆ ನೆರಳಿನಲ್ಲಿ ಕುಳಿತು ಏಷ್ಯಾದ ನಕ್ಷೆಯ ಮೇಲೆ ದಾರದ ಚಟುವಟಿಕೆ. 1442ರಲ್ಲಿ ಹೆರಾತಿನ ಅರಸ ಶಾರೂಖನ ರಾಯಭಾರಿಯಾಗಿ ಅಬ್ದುರ್ ರಜಾಕ್ ಹೊರಟ. ಹೆರಾತು ಮಕ್ಕಳು ಪುಸ್ತಕದಲ್ಲಿ ಓದುವ ರೇಷ್ಮೆ ಮಾರ್ಗದ ಊರುಗಳಲ್ಲಿ ಒಂದು. ಹೊರ್ಮುಜಿನಲ್ಲಿ ಹಡಗು ಹತ್ತಿ ಕಲ್ಲಿಕೋಟೆಗೆ, ಅಲ್ಲಿಂದ 1443ರಲ್ಲಿ ಸಮುದ್ರದ ಮೇಲೆ ಮಂಗಳೂರಿಗೆ, ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರದ ಇಮ್ಮಡಿ ದೇವರಾಯನ ಆಸ್ಥಾನಕ್ಕೆ. ಅಂದರೆ ಒಂಟೆಯ ಚಿತ್ರದ ದಾರಿ ಮತ್ತು ಮಂಗಳೂರಿನ ದಾರಿ ಒಬ್ಬನೇ ಮನುಷ್ಯನ ಕಾಲಡಿಯಲ್ಲಿ ಸೇರಿದವು. ಆಗ ಸಾವಿರ ಕಂಬದ ಬಸದಿಗೆ ಹದಿಮೂರು ವರ್ಷ, ಕಾರ್ಕಳದ ಬಾಹುಬಲಿಗೆ ಹನ್ನೊಂದು. ಹೆರಾತಿನಿಂದ ಹೊರಟ ದಾರವನ್ನು ಮಂಗಳೂರಿನ ಗುಂಡುಸೂಜಿಗೆ ಸುತ್ತಿದಾಗ ಮಕ್ಕಳ ಮುಖ ನೋಡಬೇಕಿತ್ತು.

ಅದಕ್ಕೂ ಮುನ್ನೂರು ವರ್ಷ ಹಿಂದಿನ ಇನ್ನೊಂದು ದಾರ. ಉತ್ತರ ಆಫ್ರಿಕದ ಮಹದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರಿಂದ 1149ರವರೆಗೆ ಈ ಕರಾವಳಿಯಲ್ಲಿ, ಹೆಚ್ಚಾಗಿ ಮಂಗಳೂರಿನಲ್ಲಿ ನೆಲೆಸಿದ್ದ. ಏಡನ್ ಬಂದರಿನ ತನ್ನ ಪಾಲುದಾರರೊಂದಿಗೆ ಅವನು ನಡೆಸಿದ ಪತ್ರವ್ಯವಹಾರ ಕೈರೋದ ಹಳೆಯ ಸಿನೆಗಾಗಿನ ಕಾಗದದ ರಾಶಿಯಲ್ಲಿ ಉಳಿದು ಸಿಕ್ಕಿತು. ಮೆಣಸು, ಅಡಿಕೆ, ಕಬ್ಬಿಣ ಇಲ್ಲಿಂದ. ಕಾಗದ, ಸಕ್ಕರೆ, ದ್ರಾಕ್ಷಿ ಅಲ್ಲಿಂದ. ಮಂಗಳೂರಿನಲ್ಲಿ ಅವನು ಲೋಹದ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್‌ನಿಂದ ತಾಮ್ರ, ಹಳೆಯ ಒಡೆದ ಪಾತ್ರೆಗಳು ಬರುತ್ತಿದ್ದವು, ಇಲ್ಲಿ ಕರಗಿಸಿ ಹೊಸ ಪಾತ್ರೆ ಮಾಡಿ ಕಳುಹಿಸುತ್ತಿದ್ದರು. ಪತ್ರಗಳಲ್ಲಿ ಅವನ ಪರವಾಗಿ ಹಡಗಿನಲ್ಲಿ ಹೋಗಿ ಬರುವ ಒಬ್ಬ ಜೀತದಾಳಿನ ಪ್ರಸ್ತಾಪ ಬರುತ್ತದೆ. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ಅವನ ಬೆನ್ನು ಹಿಡಿದು ಹೋಗಿ, ಅವನ ಹೆಸರನ್ನು ಬೊಮ್ಮ ಎಂದು ಓದಿದ್ದಾರೆ.

ಬೊಮ್ಮನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅಲ್ಲಿಯವರೆಗೆ ಹಾಳೆಗಳಲ್ಲಿ ಅರಸರು, ಸೆಟ್ಟಿಗಳು, ರಾಯಭಾರಿಗಳು ಮಾತ್ರ ಇದ್ದರು. “ಬಸದಿಯ ಕಲ್ಲು ಹೊತ್ತವರ ಹೆಸರು ಎಲ್ಲಿ ಉಂಟು?” ಎಂದು ಒಬ್ಬ ಕೇಳಿದ. ಬಂಟ್ವಾಳದಿಂದ ಘಟ್ಟದವರೆಗೆ ಎತ್ತು ಹೊಡೆದವರ ಹೆಸರು ಎಲ್ಲಿ ಎಂದು ಇನ್ನೊಬ್ಬ. ಒಂದು ಹುಡುಗಿ ತನ್ನ ಅಜ್ಜ ಹೇಳಿದ ತಲೆಹೊರೆಯ ಕಥೆಯನ್ನು ಎರಡನೆಯ ಅಂಕಣದಲ್ಲಿ ಬರೆದಳು. ಅದು ಅಂದಿನ ಹಾಳೆಗಳಲ್ಲೆಲ್ಲ ನನಗೆ ಬಹಳ ಹಿಡಿಸಿದ ವಾಕ್ಯ.

ತಯಾರಿ ಇಲ್ಲದ ಪ್ರಶ್ನೆ

ಹೊರಡುವ ಹೊತ್ತಿಗೆ ಬ್ಯಾರಿ ಸಮುದಾಯದ ಒಬ್ಬ ಹುಡುಗಿ ಪ್ರಶಿಕ್ಷಣಾರ್ಥಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಟೀಚರ್, ನಮ್ಮವರು ಆಗ ಇದ್ದರಾ?” ಇಡೀ ದಿನ ಚೆನ್ನಾಗಿ ನಡೆಸಿದ್ದ ಅವರು ಅಲ್ಲಿ ತಡವರಿಸಿದರು. “ಎಲ್ಲರೂ ಇದ್ದರು” ಎಂದು ತಲೆ ಸವರಿ ಬಸ್ಸಿನ ಕಡೆ ಕಳುಹಿಸಿದರು. ಉತ್ತರದಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಅದು ಉತ್ತರವೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಕೇಳಲು ಒಂದು ಮಗುವಿಗೆ ಎಷ್ಟು ಧೈರ್ಯ ಬೇಕು ಎಂಬುದು ನಮಗೆಲ್ಲ ಗೊತ್ತು.

ಪಾಠೋತ್ತರ ಚರ್ಚೆಯಲ್ಲಿ ಅರ್ಧ ಗಂಟೆ ಇದಕ್ಕೇ ಹೋಯಿತು. ಕೈಯಲ್ಲಿ ಆಧಾರ ಇತ್ತು. ಅಂದು ನಾನೇ ಹೇಳಿದ್ದ ಹಂಜಮಾನ ಇತ್ತು. ಬ್ಯಾರಿ ಎಂಬ ಹೆಸರನ್ನೇ ವ್ಯಾಪಾರ ಎಂಬ ಅರ್ಥದ ತುಳುವಿನ ‘ಬ್ಯಾರ’ದೊಂದಿಗೆ ಹೊಂದಿಸಿ ಹೇಳುವುದು ರೂಢಿ. ಹದಿನಾಲ್ಕನೆಯ ಶತಮಾನದ ನಡುವೆ ಮಂಗಳೂರಿಗೆ ಬಂದ ಇಬ್ನ್ ಬತೂತ ಅಲ್ಲಿ ಪಾರಸ ಮತ್ತು ಯೆಮೆನಿನ ವರ್ತಕರು ಇಳಿಯುವುದನ್ನು, ಮೆಣಸು ಶುಂಠಿಗಳ ಸಮೃದ್ಧಿಯನ್ನು, ಸುಮಾರು ನಾಲ್ಕು ಸಾವಿರ ಮುಸ್ಲಿಮರು ನೆಲೆಸಿದ್ದುದನ್ನು ಬರೆದಿದ್ದಾನೆ. ಅವರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತಿತ್ತು, ವರ್ತಕರು ಬೇಕಾಗಿದ್ದುದರಿಂದ ಅರಸ ರಾಜಿ ಮಾಡಿಸುತ್ತಿದ್ದ ಎಂದೂ ಬರೆದಿದ್ದಾನೆ. ಈ ಕೊನೆಯ ಮಾತನ್ನು ಮಕ್ಕಳಿಗೆ ಹೇಳಬೇಕೇ ಎಂದು ಪ್ರಶಿಕ್ಷಣಾರ್ಥಿಗಳಲ್ಲಿ ಎರಡು ಅಭಿಪ್ರಾಯ ಬಂತು. ಹೇಳಬೇಕು ಎಂಬುದು ನನ್ನ ನಿಲುವು. ಸೌಹಾರ್ದದ ಚಿತ್ರವನ್ನು ಸಕ್ಕರೆ ಸೇರಿಸಿ ಕೊಟ್ಟರೆ ಮಕ್ಕಳು ಅದನ್ನು ಎರಡನೆಯ ಅಂಕಣದಲ್ಲಿ ಬರೆದು ಮರೆತುಬಿಡುತ್ತಾರೆ. ಜಗಳ ಆಯಿತು, ಆದರೂ ಜೊತೆಗೆ ಬದುಕಿದರು, ಏಕೆಂದರೆ ಒಬ್ಬರಿಗೊಬ್ಬರು ಬೇಕಾಗಿತ್ತು ಎಂದರೆ ಅದರ ಮೇಲೆ ಪ್ರಶ್ನೆ ಕೇಳುತ್ತಾರೆ.

ಮೌಲ್ಯಮಾಪನಕ್ಕೆ ಈ ಸಲ ಕಿರುಪರೀಕ್ಷೆ ಇಡಲಿಲ್ಲ. ಮೂರನೆಯ ಅಂಕಣದ ಒಂದು ವಾಕ್ಯವನ್ನು ಆರಿಸಿ, ಅದನ್ನು ಮೊದಲನೆಯ ಅಂಕಣಕ್ಕೆ ತರಬೇಕಾದರೆ ಇನ್ನು ಏನು ಸಿಗಬೇಕು ಎಂದು ಬರೆಯಿರಿ ಎಂದೆವು. ಜಿರಾಫೆಯ ಬಗ್ಗೆ ಬರೆದವರೇ ಹೆಚ್ಚು. ‘ಮಂಗಳೂರಿನಲ್ಲಿ ಜಿರಾಫೆ ಇಳಿಯಿತು ಅಂತ ಬರೆದ ಕಾಗದ ಸಿಗಬೇಕು, ಕೈರೋದಲ್ಲಿ ಸಿಕ್ಕಿದ ಹಾಗೆ’ ಎಂದು ಒಬ್ಬ ಬರೆದಿದ್ದ. ಒಳ್ಳೆಮೆಣಸಿನ ಪ್ರಶ್ನೆ ಕೇಳಿದ್ದ ಹುಡುಗ ತನ್ನ ತೋಟದಿಂದ ಬಂಟ್ವಾಳದ ಹೊಳೆಯವರೆಗೆ ಒಂದು ನಕ್ಷೆ ಬಿಡಿಸಿ, ನಡುವೆ ಎತ್ತು ನೀರು ಕುಡಿಯುವ ಕೆರೆಗಳನ್ನೂ ಗುರುತಿಸಿದ್ದ, ಪಕ್ಕದಲ್ಲಿ ‘ಊಹೆ’ ಎಂದು ಬರೆದು.

ಆ ಹುಡುಗಿಗೆ ಮಾರನೆಯ ವಾರ ಪ್ರಶಿಕ್ಷಣಾರ್ಥಿಯೇ ಹೋಗಿ ಹಂಜಮಾನದ ವಿಷಯ ತಿಳಿಸಿ ಬಂದರು. ಹಾಳೆಯ ಎರಡನೆಯ ಅಂಕಣದಲ್ಲಿ ಅವಳು ಅದನ್ನು ಬರೆದುಕೊಂಡು, ಆ ಶಾಸನವನ್ನು ಎಲ್ಲಿ ನೋಡಬಹುದು ಎಂದು ಕೇಳಿದಳಂತೆ. ಮುಂದಿನ ತಂಡದ ದಾರಿಯಲ್ಲಿ ಬಾರ್ಕೂರನ್ನು ಸೇರಿಸಿದ್ದೇವೆ.